ತೈ ಚಿ ಕಲಿಯಬೇಕು ಅಂದುಕೊಂಡವರಿಗೆ: ಮೊದಲು ಕಾಲು, ಆಮೇಲೆ ಕೈ

ತೈ ಚಿ ವಿಡಿಯೊ ನೋಡುವಾಗ ಎಲ್ಲರ ಕಣ್ಣೂ ಕೈ ಮೇಲೆಯೇ ಇರುತ್ತದೆ. ನಿಧಾನಕ್ಕೆ ಏಳುವ ಇಳಿಯುವ ಕೈಗಳು, ಸಡಿಲವಾದ ಬಿಳಿ ಅಂಗಿ, ಹಿಂದೆ ಎಲ್ಲೋ ಕೊಳಲು. ನೋಡಿದವರು ಮರುದಿನ ಬೆಳಿಗ್ಗೆ ಹಾಲ್‌ನಲ್ಲಿ ನಿಂತು ಆ ಕೈಗಳ ಹಾಗೆಯೇ ತಮ್ಮ ಕೈ ಆಡಿಸಲು ಶುರು ಮಾಡುತ್ತಾರೆ. ಒಂದು ವಾರ ಹುರುಪಿನಲ್ಲಿ ನಡೆಯುತ್ತದೆ. ಎರಡನೇ ವಾರಕ್ಕೆ "ಇದರಲ್ಲಿ ಏನೂ ಆಗ್ತಾ ಇಲ್ವಲ್ಲ" ಅನ್ನಿಸುತ್ತದೆ, ಇಲ್ಲವೇ ಮಂಡಿ ನೋಯಲು ಶುರುವಾಗುತ್ತದೆ. ಅಲ್ಲಿಗೆ ನಿಂತುಹೋಗುತ್ತದೆ.

ಹೀಗೆ ಬಿಟ್ಟವರನ್ನು ಸೋಮಾರಿಗಳು ಅಂತ ನಾನು ಯಾವತ್ತೂ ಅನ್ನುವುದಿಲ್ಲ. ಅವರು ಶುರು ಮಾಡಿದ ಜಾಗ ಸರಿಯಿರಲಿಲ್ಲ, ಅಷ್ಟೇ. ತೈ ಚಿಯ ಕೆಲಸವೆಲ್ಲ ನಡೆಯುವುದು ಸೊಂಟದಿಂದ ಕೆಳಗೆ. ದೇಹದ ಭಾರ ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಹೇಗೆ ಹೋಗುತ್ತದೆ, ಯಾವಾಗ ಹೋಗುತ್ತದೆ, ಹೋಗುವಾಗ ಮಂಡಿ ಯಾವ ಕಡೆ ನೋಡುತ್ತಿರುತ್ತದೆ — ಇಷ್ಟು ಗೊತ್ತಾದರೆ ಅರ್ಧ ತೈ ಚಿ ಬಂದ ಹಾಗೆ. ಕೈಗಳು ಆಮೇಲೆ ತಾವಾಗಿಯೇ ಬರುತ್ತವೆ. ಈ ಬರಹ ಅದರ ಬಗ್ಗೆಯೇ.

ಮೊದಲು ಸ್ವಲ್ಪ ಹಿನ್ನೆಲೆ. ತೈ ಚಿ ನೋಡಲು ನೃತ್ಯದ ಹಾಗೆ, ಧ್ಯಾನದ ಹಾಗೆ ಕಂಡರೂ ಅದು ಹುಟ್ಟಿದ್ದು ಹೊಡೆದಾಟದ ವಿದ್ಯೆಯಾಗಿ. ಚೀನಾದ ಹೆನಾನ್ ಪ್ರಾಂತ್ಯದ ವೆನ್ ಕೌಂಟಿಯಲ್ಲಿ ಚೆನ್‌ಜಿಯಾಗೌ ಅಂತ ಒಂದು ಹಳ್ಳಿ ಇದೆ. 17ನೇ ಶತಮಾನದಲ್ಲಿ ಅಲ್ಲಿನ ಚೆನ್ ವಾಂಗ್‌ಟಿಂಗ್ ಎಂಬ ಯೋಧನಿಂದ ಇದು ಶುರುವಾಯಿತು ಅಂತ ಇತಿಹಾಸಕಾರರಲ್ಲಿ ಹೆಚ್ಚಿನವರು ಹೇಳುತ್ತಾರೆ. ವುಡಾಂಗ್ ಬೆಟ್ಟದ ಸನ್ಯಾಸಿಯೊಬ್ಬ ಹಾವು ಮತ್ತು ಹಕ್ಕಿಯ ಜಗಳ ನೋಡಿ ಇದನ್ನು ಕಂಡುಹಿಡಿದ ಅನ್ನುವ ಕಥೆಯನ್ನೂ ನೀವು ಕೇಳಿರಬಹುದು. ಕಥೆ ಸೊಗಸಾಗಿದೆ, ಆದರೆ ಅದಕ್ಕೆ ಗಟ್ಟಿ ಆಧಾರ ಇಲ್ಲ. ಚೆನ್ ಮನೆತನದೊಳಗೇ ಇದ್ದ ಈ ವಿದ್ಯೆಯನ್ನು ಹೊರಗಿನಿಂದ ಬಂದ ಯಾಂಗ್ ಲುಚಾನ್ (1799–1872) ಕಲಿತು ಬೀಜಿಂಗ್‌ಗೆ ತೆಗೆದುಕೊಂಡು ಹೋದರು. ಅವರ ಮೊಮ್ಮಗ ಯಾಂಗ್ ಚೆಂಗ್‌ಫು (1883–1936) ಅದನ್ನು ಎಲ್ಲರೂ ಮಾಡಬಹುದಾದ ಹಾಗೆ ನಿಧಾನ, ಅಗಲ, ಒಂದೇ ಸಮನಾದ ಚಲನೆಗಳಿಗೆ ತಂದರು. ಇವತ್ತು ಪಾರ್ಕುಗಳಲ್ಲಿ ಜಾಸ್ತಿ ಕಾಣುವುದು ಈ ಯಾಂಗ್ ಶೈಲಿಯೇ. 2020ರಲ್ಲಿ ಯುನೆಸ್ಕೋ ತೈ ಚಿಯನ್ನು ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು.

ಶೈಲಿಗಳು ಮುಖ್ಯವಾಗಿ ಐದು: ಚೆನ್, ಯಾಂಗ್, ವು, ಇನ್ನೊಂದು ವು (ಇದನ್ನು ಹಾವೊ ಅಂತಲೂ ಕರೆಯುತ್ತಾರೆ), ಸುನ್. ಯಾವುದನ್ನು ಆರಿಸಬೇಕು ಅಂತ ತಿಂಗಳುಗಟ್ಟಲೆ ಯೋಚಿಸುವವರಿದ್ದಾರೆ. ನನ್ನ ಉತ್ತರ ಸರಳ. ನಿಮ್ಮ ಊರಿನಲ್ಲಿ ಒಳ್ಳೆಯ ಗುರು ಸಿಕ್ಕರೆ ಅವರು ಕಲಿಸುವ ಶೈಲಿ ಯಾವುದೋ ಅದೇ. ಯಾರೂ ಸಿಗದಿದ್ದರೆ ಯಾಂಗ್ ಶೈಲಿಯ 24 ಚಲನೆಗಳ ಸರಣಿ. 1956ರಲ್ಲಿ ಚೀನಾದ ಸರ್ಕಾರಿ ಕ್ರೀಡಾ ಆಯೋಗ ಕೆಲವು ಗುರುಗಳನ್ನು ಸೇರಿಸಿ, ಉದ್ದದ ಹಳೆಯ ಸರಣಿಯನ್ನು ಮೊಟಕು ಮಾಡಿ, ಸಾಮಾನ್ಯ ಜನ ಕಲಿಯಲಿ ಅಂತಲೇ ಇದನ್ನು ಮಾಡಿಸಿತು. ಪೂರ್ತಿ ಮಾಡಲು ಐದಾರು ನಿಮಿಷ ಸಾಕು. ಜಗತ್ತಿನ ಯಾವ ಮೂಲೆಗೆ ಹೋದರೂ ಇದನ್ನು ಮಾಡುವವರು ಸಿಗುತ್ತಾರೆ. ಅಮೆರಿಕಕ್ಕೋ ಸಿಂಗಪುರಕ್ಕೋ ಮಕ್ಕಳ ಮನೆಗೆ ಹೋದ ನಮ್ಮ ಕಡೆಯ ಅಪ್ಪ ಅಮ್ಮಂದಿರು ಬೆಳಿಗ್ಗೆ ಪಾರ್ಕಿನಲ್ಲಿ ಚೀನೀ ಹಿರಿಯರ ಗುಂಪು ನೋಡಿರುತ್ತಾರೆ ಅಲ್ವಾ, ಅವರಲ್ಲಿ ತುಂಬಾ ಜನ ಮಾಡುತ್ತಿರುವುದು ಇದನ್ನೇ. ಭಾಷೆ ಬರದಿದ್ದರೂ ಹಿಂದಿನ ಸಾಲಿನಲ್ಲಿ ಹೋಗಿ ನಿಲ್ಲಬಹುದು, ಯಾರೂ ಬೇಡ ಅನ್ನುವುದಿಲ್ಲ.

ಈಗ ಅಸಲು ಪ್ರಶ್ನೆಗೆ ಬರೋಣ. ಅಷ್ಟು ನಿಧಾನ ಯಾಕೆ?

ನಾವು ದಿನವೂ ನಡೆಯುತ್ತೇವಲ್ಲ, ಅದನ್ನು ಸ್ವಲ್ಪ ಗಮನಿಸಿ. ಮುಂದಿನ ಪಾದ ನೆಲಕ್ಕೆ ತಾಗುವ ಮೊದಲೇ ದೇಹ ಆ ಕಡೆಗೆ ವಾಲಿಬಿಟ್ಟಿರುತ್ತದೆ. ಒಂದು ಕ್ಷಣ ನಾವು ಬೀಳುತ್ತಲೇ ಇರುತ್ತೇವೆ, ಮುಂದಿನ ಕಾಲು ಬಂದು ಹಿಡಿದುಕೊಳ್ಳುತ್ತದೆ. ವೇಗ ಇರುವುದರಿಂದ ಇದು ಗೊತ್ತೇ ಆಗುವುದಿಲ್ಲ. ವಯಸ್ಸಾದ ಮೇಲೆ, ಇಲ್ಲವೇ ಕತ್ತಲಲ್ಲಿ ಮೆಟ್ಟಿಲು ಇಳಿಯುವಾಗ, ಒದ್ದೆ ಬಚ್ಚಲಲ್ಲಿ, ಆ ಮುಂದಿನ ಕಾಲು ಒಂದು ಚೂರು ತಡವಾದರೆ ಸಾಕು, ಬಿದ್ದೆವು.

ತೈ ಚಿಯ ಹೆಜ್ಜೆ ಇದಕ್ಕೆ ಪೂರ್ತಿ ಉಲ್ಟಾ. ದೇಹದ ಎಲ್ಲ ಭಾರವೂ ಹಿಂದಿನ ಕಾಲ ಮೇಲೆ ಕೂತಿರುತ್ತದೆ. ಮುಂದಿನ ಕಾಲು ಬರೀ ಖಾಲಿ. ಆ ಖಾಲಿ ಕಾಲು ಮುಂದೆ ಹೋಗಿ ಹಿಮ್ಮಡಿ ಊರುತ್ತದೆ, ಆಗಲೂ ಅದರ ಮೇಲೆ ಭಾರ ಇರುವುದಿಲ್ಲ. ಆ ಕ್ಷಣದಲ್ಲಿ ಯಾರಾದರೂ "ನಿಲ್ಲಿ" ಅಂದರೆ ಕಾಲನ್ನು ಹಾಗೆಯೇ ವಾಪಸ್ ಎತ್ತಿಕೊಳ್ಳಲು ಬರಬೇಕು. ವಾಪಸ್ ಎತ್ತಲು ಆಗದಿದ್ದರೆ ಭಾರ ಆಗಲೇ ಮುಂದಕ್ಕೆ ಸೋರಿಹೋಗಿದೆ ಅಂತ ಅರ್ಥ. ಪಾದ ಪೂರ್ತಿ ನೆಲಕ್ಕೆ ಕೂತ ಮೇಲೆಯೇ ಭಾರ ಮೆಲ್ಲಗೆ ಮುಂದಕ್ಕೆ ಸಾಗುತ್ತದೆ. ಚೀನೀ ಗುರುಗಳು ಇದನ್ನು ತುಂಬಿದ ಕಾಲು, ಖಾಲಿ ಕಾಲು ಅನ್ನುವ ಲೆಕ್ಕದಲ್ಲಿ ಹೇಳುತ್ತಾರೆ. ಯಾಂಗ್ ಚೆಂಗ್‌ಫು ಕೊಟ್ಟ ಹತ್ತು ಮುಖ್ಯ ಸೂತ್ರಗಳಲ್ಲಿ ಇದೂ ಒಂದು, ಅದರಲ್ಲೂ ಈ ವಿದ್ಯೆಗೆ ಇದೇ ಮೊದಲನೆಯದು ಅಂತ ಅವರು ಒತ್ತಿ ಹೇಳಿದ್ದಾರೆ.

ವೇಗದಲ್ಲಿ ಮಾಡಿದರೆ ಇದು ಸಾಧ್ಯವೇ ಇಲ್ಲ. ವೇಗವೇ ದೇಹವನ್ನು ಎಳೆದುಕೊಂಡು ಹೋಗಿಬಿಡುತ್ತದೆ, ಸ್ನಾಯುಗಳಿಗೆ ಕೆಲಸ ಉಳಿಯುವುದಿಲ್ಲ, ತಪ್ಪು ಎಲ್ಲಿ ಆಯಿತು ಅಂತಲೂ ತಿಳಿಯುವುದಿಲ್ಲ. ನಿಧಾನ ಮಾಡಿದಾಗ ಒಂಟಿ ಕಾಲಿನ ಮೇಲೆ ಇಡೀ ದೇಹವನ್ನು ಹೊತ್ತು ಮೂರು ನಾಲ್ಕು ಸೆಕೆಂಡು ಇರಲೇಬೇಕು, ಅದೂ ಮಂಡಿ ಸ್ವಲ್ಪ ಮಡಚಿಕೊಂಡು. ನೋಡುವವರಿಗೆ ಏನೂ ಶ್ರಮ ಇಲ್ಲದ ಹಾಗೆ ಕಾಣುತ್ತದೆ. ಮಾಡುವವರ ತೊಡೆಗಳಿಗೆ ಮಾತ್ರ ಗೊತ್ತು.

ಹಾಗಾದರೆ ಮೊದಲ ದಿನ ಏನು ಮಾಡಬೇಕು? ಕೈಗಳನ್ನು ಸುಮ್ನೆ ಸೊಂಟದ ಮೇಲೆ ಇಟ್ಟುಕೊಳ್ಳಿ. ಭುಜದಷ್ಟು ಅಗಲಕ್ಕೆ ಕಾಲಿಟ್ಟು ನಿಂತು, ಮಂಡಿಯನ್ನು ಒಂಚೂರು ಸಡಿಲ ಬಿಡಿ. ಈಗ ಭಾರವನ್ನು ಮೆಲ್ಲಗೆ ಬಲಗಾಲಿಗೆ ತನ್ನಿ, ಎಡ ಹಿಮ್ಮಡಿ ತಾನಾಗಿ ಹಗುರಾಗುವ ತನಕ. ಮತ್ತೆ ಎಡಕ್ಕೆ. ತಲೆ ಮೇಲೆ ಕೆಳಗೆ ಆಗಬಾರದು, ಒಂದೇ ಎತ್ತರದಲ್ಲಿ ಅಡ್ಡಡ್ಡ ಸಾಗಬೇಕು. ಸೊಂಟ ಒಂದು ಕಡೆ ಎದ್ದು ನಿಲ್ಲಬಾರದು. ಇಷ್ಟನ್ನೇ ಐದು ನಿಮಿಷ ಮಾಡಿ ನೋಡಿ. ಎಡಕ್ಕಿಂತ ಬಲಗಾಲಿನ ಮೇಲೆ ಆರಾಮ ಅನ್ನಿಸುತ್ತದೆ, ಇಲ್ಲವೇ ಬಲಕ್ಕಿಂತ ಎಡದ ಮೇಲೆ. ಎರಡೂ ಕಾಲು ಒಂದೇ ಸಮ ಇರುವವರು ಕಡಿಮೆ. ನಿಮ್ಮ ಯಾವ ಕಾಲು ಭಾರ ಹೊರಲು ಹಿಂದೇಟು ಹಾಕುತ್ತದೆ ಅಂತ ಮೊದಲ ದಿನವೇ ತಿಳಿದುಕೊಂಡರೆ ಮುಂದೆ ತುಂಬಾ ಉಪಯೋಗ.

ಎರಡನೆಯದು ಬಿಲ್ಲು ನಿಲುವು. 24 ಚಲನೆಗಳಲ್ಲಿ ಹೆಚ್ಚಿನವು ಇದರಲ್ಲೇ ಮುಗಿಯುತ್ತವೆ, ಹಾಗಾಗಿ ಇದಕ್ಕೆ ಸಮಯ ಕೊಟ್ಟಷ್ಟೂ ಒಳ್ಳೆಯದು. ಮನೆಯಲ್ಲಿ ದೊಡ್ಡ ಚೌಕದ ಟೈಲ್ಸ್ ಇದ್ದರೆ ಅದೇ ನಿಮ್ಮ ಮಾಸ್ತರು. ಟೈಲ್ಸ್ ನಡುವಿನ ಒಂದು ಉದ್ದ ಗೆರೆಯ ಆ ಕಡೆ ಎಡಪಾದ, ಈ ಕಡೆ ಬಲಪಾದ ಇಟ್ಟು ನಿಂತುಕೊಳ್ಳಿ. ಎಡಗಾಲನ್ನು ನೇರ ಮುಂದಕ್ಕೆ ಒಂದು ಹೆಜ್ಜೆ ಇಡಿ, ಆದರೆ ಗೆರೆ ದಾಟಬೇಡಿ, ಅದರ ಎಡಕ್ಕೇ ಇರಲಿ. ಮುಂದಿನ ಪಾದ ನೇರ ಮುಂದೆ ನೋಡಲಿ, ಹಿಂದಿನ ಪಾದ 45 ಡಿಗ್ರಿಯಷ್ಟು ಹೊರಗೆ ತಿರುಗಿರಲಿ. ಎರಡು ಹಿಮ್ಮಡಿಗಳ ನಡುವೆ, ಅಗಲದಲ್ಲಿ, ಒಂದು ಗೇಣು ಇದ್ದರೆ ಸಾಕು. ಈಗ ಮುಂದಿನ ಮಂಡಿ ಮಡಚಿ ಭಾರವನ್ನು ಮುಂದಕ್ಕೆ ತನ್ನಿ. ನೂರರಲ್ಲಿ ಎಪ್ಪತ್ತು ಭಾಗ ಮುಂದೆ, ಮೂವತ್ತು ಹಿಂದೆ.

ಹೊಸಬರು ಇಲ್ಲಿ ಮಾಡುವುದು ಏನೆಂದರೆ, ಮುಂದಿನ ಕಾಲನ್ನು ಹಿಂದಿನ ಕಾಲಿನ ನೇರಕ್ಕೇ ತಂದು ಇಡುತ್ತಾರೆ. ದೊಂಬರು ಹಗ್ಗದ ಮೇಲೆ ನಡೆದ ಹಾಗೆ. ಆಗ ಅಗಲವೇ ಇರುವುದಿಲ್ಲ, ದೇಹ ಅಲ್ಲಾಡಲು ಶುರುವಾಗುತ್ತದೆ, ಅದನ್ನು ಸರಿ ಮಾಡಲು ಭುಜ ಬಿಗಿಯುತ್ತದೆ, ಉಸಿರು ಕಟ್ಟುತ್ತದೆ, "ನನಗೆ ಬ್ಯಾಲೆನ್ಸೇ ಇಲ್ಲ" ಅನ್ನುವ ತೀರ್ಮಾನಕ್ಕೆ ಬಂದುಬಿಡುತ್ತಾರೆ. ಬ್ಯಾಲೆನ್ಸ್ ಚೆನ್ನಾಗಿಯೇ ಇರುತ್ತದೆ, ಪಾದ ಇಟ್ಟ ಜಾಗ ಸರಿಯಿರುವುದಿಲ್ಲ. ಅದಕ್ಕೇ ಟೈಲ್ಸ್ ಗೆರೆ ನೋಡಿಕೊಳ್ಳಿ ಅಂದಿದ್ದು.

ಮಂಡಿಯ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ತೈ ಚಿಯಿಂದ ಯಾರಿಗಾದರೂ ಪೆಟ್ಟಾದರೆ ಆಗುವುದು ಅಲ್ಲೇ. ಮಂಡಿ ಬಾಗಿಲಿನ ಕೀಲಿನ ಹಾಗೆ ಮುಖ್ಯವಾಗಿ ಒಂದೇ ದಿಕ್ಕಿನಲ್ಲಿ ಮಡಚುವ ಕೀಲು. ತಿರುಗುವ ಕೆಲಸ ಮೇಲಿನ ಸೊಂಟದ ಕೀಲಿನದು. ಭಾರ ಕೂತಿರುವ ಕಾಲಿನ ಪಾದ ನೆಲಕ್ಕೆ ಅಂಟಿಕೊಂಡಿರುವಾಗ ನೀವು ಮೈ ತಿರುಗಿಸಿದಿರಿ ಅಂದುಕೊಳ್ಳಿ. ಸೊಂಟದ ಕೀಲು ಸಡಿಲ ಇದ್ದರೆ ತಿರುಗು ಅಲ್ಲಿಯೇ ಮುಗಿಯುತ್ತದೆ. ಅದು ಬಿಗಿಯಾಗಿದ್ದರೆ ಆ ತಿರುಚು ಕೆಳಗಿಳಿದು ಮಂಡಿಗೆ ಬರುತ್ತದೆ. ದಿನಾ ಹೀಗಾದರೆ ನೋವು ಗ್ಯಾರಂಟಿ. ಅದಕ್ಕೆ ನಿಯಮ: ಮಂಡಿ ಯಾವಾಗಲೂ ಅದೇ ಕಾಲಿನ ಬೆರಳುಗಳು ನೋಡುವ ಕಡೆಗೇ ನೋಡಬೇಕು, ಒಳಗೆ ಕುಸಿಯಬಾರದು. ಮುಂದಕ್ಕೆ ಬಾಗಿದಾಗ ಬೆರಳ ತುದಿಯನ್ನು ದಾಟಬಾರದು. ಪಾದದ ದಿಕ್ಕು ಬದಲಿಸಬೇಕಾದರೆ ಮೊದಲು ಹಿಂದಿನ ಕಾಲ ಮೇಲೆ ಕೂತು ಆ ಪಾದದ ಭಾರ ಇಳಿಸಿ, ಬೆರಳೆತ್ತಿ, ಹಿಮ್ಮಡಿಯ ಮೇಲೆ ತಿರುಗಿಸಿ, ಆಮೇಲೆ ಮತ್ತೆ ಭಾರ ಹಾಕಿ. ಭಾರ ಹೊತ್ತ ಪಾದವನ್ನು ನೆಲಕ್ಕೆ ಉಜ್ಜಿ ತಿರುಗಿಸಲೇಬೇಡಿ. ಕೆಲವು ಹಳೆಯ ಪರಂಪರೆಗಳಲ್ಲಿ ಭಾರ ಇಟ್ಟುಕೊಂಡೇ ತಿರುಗಿಸುವ ಕ್ರಮ ಇದೆ, ನಿಜ, ಆದರೆ ಅದು ಗುರು ಎದುರಿಗೆ ನಿಂತು ನೋಡುವಾಗ ಕಲಿಯುವಂಥದ್ದು.

ತೊಡೆ ಉರಿಯುವುದು, ಮೀನಖಂಡ ಸೋಲುವುದು ಸಹಜ. ಮಂಡಿಯ ಒಳಗೆ ಚುಚ್ಚಿದ ಹಾಗೆ ನೋವು ಬಂದರೆ ಅದು ಬೇರೆ. ಅಲ್ಲೇ ನಿಲ್ಲಿಸಿ, ಎತ್ತರ ನಿಲ್ಲಿ, ಹೆಜ್ಜೆ ಚಿಕ್ಕದು ಮಾಡಿ. ವಿಡಿಯೊದಲ್ಲಿ ತೊಡೆ ನೆಲಕ್ಕೆ ಸಮ ಆಗುವಷ್ಟು ಕೆಳಗೆ ಕೂರುವವರು ಸ್ಪರ್ಧೆಗೆ ತಯಾರಾದ ಹುಡುಗರು. ನಮಗೆ ಅಷ್ಟು ಆಳ ಬೇಡವೇ ಬೇಡ. ಪಾರ್ಕಿನಲ್ಲಿ ಎಂಬತ್ತು ದಾಟಿದ ಚೀನೀ ಅಜ್ಜಂದಿರನ್ನು ನೋಡಿ, ಮಂಡಿ ಮಡಚಿದೆಯೋ ಇಲ್ಲವೋ ಅನ್ನುವಷ್ಟು ಎತ್ತರ ನಿಂತು ಮಾಡುತ್ತಾರೆ.

ಹೀಗೆ ಕೈ ಕಟ್ಟಿಕೊಂಡು ಬರೀ ಹೆಜ್ಜೆಯನ್ನು ಎರಡು ಮೂರು ವಾರ ಮಾಡಿದ ಮೇಲೆ ಕೈಗಳನ್ನು ಸೇರಿಸಿ. ಮೊದಲಿಗೆ ಒಂದೇ ಚಲನೆ ಸಾಕು. 24ರ ಸರಣಿಯಲ್ಲಿ ಎರಡನೆಯದು, ಕಾಡುಕುದುರೆಯ ಕೇಸರ ಬಿಡಿಸುವುದು ಅಂತ ಅದರ ಹೆಸರು. ಇದನ್ನು ಹತ್ತಿರದಿಂದ ನೋಡೋಣ, ಯಾಕೆಂದರೆ ತೈ ಚಿಯ ಎಲ್ಲ ಲೆಕ್ಕವೂ ಈ ಒಂದರಲ್ಲಿ ಇದೆ.

ಭಾರ ಪೂರ್ತಿ ಬಲಗಾಲ ಮೇಲಿದೆ. ಎಡಪಾದ ಅದರ ಪಕ್ಕಕ್ಕೆ ಬಂದು ಬೆರಳ ತುದಿ ಮಾತ್ರ ನೆಲಕ್ಕೆ ತಾಗಿಸಿದೆ, ರೂಢಿಯಾದವರು ಅದನ್ನೂ ತಾಗಿಸುವುದಿಲ್ಲ. ಬಲಗೈ ಎದೆಯ ಮುಂದೆ, ಎಡಗೈ ಹೊಟ್ಟೆಯ ಕೆಳಗೆ, ಎರಡು ಅಂಗೈಗಳೂ ಒಂದಕ್ಕೊಂದು ಎದುರಾಗಿ, ನಡುವೆ ದೊಡ್ಡ ಚೆಂಡು ಹಿಡಿದ ರೀತಿಯಲ್ಲಿ. ಈಗ ಸೊಂಟ ಸ್ವಲ್ಪ ಎಡಕ್ಕೆ ತಿರುಗುತ್ತದೆ, ಎಡಗಾಲು ಎಡಮುಂದಕ್ಕೆ ಹೋಗಿ ಹಿಮ್ಮಡಿ ಊರುತ್ತದೆ. ಕೈಗಳು ಇನ್ನೂ ಏನೂ ಮಾಡಿಲ್ಲ, ಗಮನಿಸಿ. ಪಾದ ನೆಲಕ್ಕೆ ಕೂರುತ್ತದೆ. ಹಿಂದಿನ ಕಾಲು ನೆಲವನ್ನು ಒತ್ತುತ್ತದೆ, ಭಾರ ಮುಂದಕ್ಕೆ ಸಾಗುತ್ತದೆ, ಸೊಂಟ ಎಡಕ್ಕೆ ತಿರುಗುತ್ತದೆ. ಆ ಸೊಂಟದ ತಿರುಗಿನ ಜೊತೆಗೇ ಎಡಗೈ ಓರೆಯಾಗಿ ಮೇಲಕ್ಕೆ ಕಣ್ಣಿನ ಎತ್ತರಕ್ಕೆ ತೆರೆದುಕೊಳ್ಳುತ್ತದೆ, ಬಲಗೈ ಕೆಳಗಿಳಿದು ಬಲಸೊಂಟದ ಪಕ್ಕಕ್ಕೆ ಬರುತ್ತದೆ. ಭಾರ ಮುಂದಿನ ಕಾಲಿಗೆ ಬಂದು ಸೇರುವುದೂ ಕೈಗಳು ತಮ್ಮ ಜಾಗಕ್ಕೆ ಬಂದು ಸೇರುವುದೂ ಒಂದೇ ಗಳಿಗೆಯಲ್ಲಿ ಆಗಬೇಕು.

ಆಮೇಲೆ ಹಿಂದಿನ ಕಾಲ ಮೇಲೆ ಕೂತು, ಎಡ ಬೆರಳೆತ್ತಿ ಹೊರಕ್ಕೆ ತಿರುಗಿಸಿ, ಭಾರವನ್ನು ಅದರ ಮೇಲೆ ತಂದು, ಬಲಪಾದವನ್ನು ಪಕ್ಕಕ್ಕೆ ಸೆಳೆದುಕೊಂಡು, ಇನ್ನೊಂದು ಬದಿಗೆ ಇದನ್ನೇ ಮಾಡುವುದು. ಸರಣಿಯಲ್ಲಿ ಎಡ, ಬಲ, ಎಡ ಅಂತ ಮೂರು ಸಲ ಬರುತ್ತದೆ. ನೀವು ಹಾಲ್‌ನ ಆ ಗೋಡೆಯಿಂದ ಈ ಗೋಡೆ ತನಕ ಮಾಡುತ್ತಲೇ ಹೋಗಬಹುದು.

ಇದು ಹೊಡೆದಾಟದಲ್ಲಿ ಏನು? ಎದುರಾಳಿ ಗುದ್ದಲು ಬಂದಾಗ ಬಲಗೈ ಅವನ ಮಣಿಕಟ್ಟು ಹಿಡಿದು ಕೆಳಕ್ಕೆ ಎಳೆಯುತ್ತದೆ, ಎಡಗಾಲು ಅವನ ಕಾಲಿನ ಹಿಂದಕ್ಕೆ ಸೇರುತ್ತದೆ, ಎಡ ಮುಂಗೈ ಅವನ ಕಂಕುಳ ಕೆಳಗಿನಿಂದ ಮೇಲಕ್ಕೆ ಹೋಗುತ್ತದೆ, ಸೊಂಟ ತಿರುಗಿದರೆ ಅವನು ಹಿಂದಕ್ಕೆ ಉರುಳುತ್ತಾನೆ. ಹೊಡೆದಾಡುವ ಆಸೆ ನಿಮಗೆ ಇಲ್ಲದಿದ್ದರೂ ಇದನ್ನು ತಿಳಿದುಕೊಳ್ಳಿ ಅಂತ ನಾನು ಒತ್ತಾಯ ಮಾಡುತ್ತೇನೆ. ಯಾಕೆಂದರೆ ಕೈ ಯಾಕೆ ಅಲ್ಲಿಗೆ ಹೋಗಬೇಕು ಅಂತ ಗೊತ್ತಾದ ಮೇಲೆ ಅದು ಎಷ್ಟು ಎತ್ತರ, ಯಾವ ಕೋನ ಅಂತ ಬಾಯಿಪಾಠ ಮಾಡುವ ಗೋಳು ಇರುವುದಿಲ್ಲ. ಬರೀ ತೋಳಿನಿಂದ ಎತ್ತಿದರೆ ಎದುರಿನವನು ಅಲ್ಲಾಡುವುದಿಲ್ಲ, ಕಾಲಿನಿಂದ ಹೊರಟ ಬಲ ಸೊಂಟದ ಮೂಲಕ ಕೈಗೆ ಬಂದರೆ ಮಾತ್ರ ಅಲ್ಲಾಡುತ್ತಾನೆ ಅಂತಲೂ ತಿಳಿಯುತ್ತದೆ. ತೈ ಚಿಯ ಹಳೆಯ ಮಾತುಗಳಲ್ಲಿ ಇದೇ ಇದೆ: ಬೇರು ಪಾದದಲ್ಲಿ, ಹೊರಡುವುದು ಕಾಲಿನಿಂದ, ನಡೆಸುವುದು ಸೊಂಟ, ಕಾಣಿಸಿಕೊಳ್ಳುವುದು ಬೆರಳಲ್ಲಿ.

ಇನ್ನು ಸಡಿಲ ಬಿಡುವ ವಿಷಯ. ಎಲ್ಲ ಗುರುಗಳೂ "ಸಡಿಲ, ಸಡಿಲ" ಅನ್ನುತ್ತಲೇ ಇರುತ್ತಾರೆ, ಹೊಸಬರು ಜೋಲು ಬೀಳುತ್ತಾರೆ. ಬೇಕಾಗಿರುವುದು ಬೇರೆ. ನೆತ್ತಿಯಿಂದ ಯಾರೋ ದಾರ ಕಟ್ಟಿ ಮೆಲ್ಲಗೆ ಎತ್ತಿದಂತೆ ಬೆನ್ನು ನೆಟ್ಟಗಿರಬೇಕು, ಭುಜ ಮತ್ತು ಮೊಣಕೈ ಮಾತ್ರ ಕೆಳಗೆ ಇಳಿದಿರಬೇಕು. ಪರೀಕ್ಷೆ ಸುಲಭ: ಕೈ ಎತ್ತಿದಾಗ ಭುಜ ಕಿವಿಯ ಕಡೆ ಏರಿತಾ ನೋಡಿ. ಮೊಣಕೈ ಮಣಿಕಟ್ಟಿಗಿಂತ ಮೇಲೆ ಹೋಯಿತಾ ನೋಡಿ. ಕಂಕುಳಲ್ಲಿ ಒಂದು ಚಿಕ್ಕ ಮುಷ್ಟಿ ಹಿಡಿಸುವಷ್ಟು ಜಾಗ ಇದೆಯಾ ನೋಡಿ. ಈ ಮೂರು ಸರಿಯಿದ್ದರೆ ಸಾಕು.

ನಮ್ಮಲ್ಲಿ ತೈ ಚಿಗೆ ಬರುವವರು ಬಹುಪಾಲು ಯೋಗ ಮಾಡಿ ಬಂದಿರುತ್ತಾರೆ. ಅದರಿಂದ ಲಾಭ ಇದೆ: ಮೈ ಬಗ್ಗುತ್ತದೆ, ಗಮನ ಇಡುವ ಅಭ್ಯಾಸ ಇರುತ್ತದೆ, ದಿನಾ ಎದ್ದು ಮಾಡುವ ಶಿಸ್ತು ಇರುತ್ತದೆ. ಒಂದು ತೊಂದರೆಯೂ ಇದೆ. ಆಸನದಲ್ಲಿ ನಾವು ಒಂದು ಕೊನೆಗೆ ಹೋಗಿ ತಲುಪುತ್ತೇವೆ, ಅಲ್ಲಿ ನಿಲ್ಲುತ್ತೇವೆ, ಇನ್ನೂ ಸ್ವಲ್ಪ ಚಾಚುತ್ತೇವೆ. ತೈ ಚಿಯಲ್ಲಿ ಕೊನೆ ತನಕ ಹೋಗುವಂತಿಲ್ಲ. ಮೊಣಕೈ ಪೂರ್ತಿ ನೆಟ್ಟಗಾಗುವ ಮೊದಲೇ, ಮಂಡಿ ಪೂರ್ತಿ ಚಾಚುವ ಮೊದಲೇ ಚಲನೆ ತಿರುಗಿಬಿಡುತ್ತದೆ. ನಿಲ್ಲುವುದೂ ಇಲ್ಲ, ಒಂದು ಚಲನೆಯ ಬಾಲದಿಂದಲೇ ಇನ್ನೊಂದು ಹುಟ್ಟುತ್ತದೆ. ಕ್ಯಾಮೆರಾಗೆ ಪೋಸು ಕೊಟ್ಟ ಹಾಗೆ ಪ್ರತಿ ಚಲನೆಯ ಕೊನೆಗೂ ನಿಂತು ನಿಂತು ಹೋಗುವುದು ಯೋಗದಿಂದ ಬಂದವರಲ್ಲಿ ಜಾಸ್ತಿ. ಯೋಗ ಬಿಡಬೇಕಿಲ್ಲ, ಆ ಅಭ್ಯಾಸವನ್ನು ತೈ ಚಿ ಮಾಡುವಷ್ಟು ಹೊತ್ತು ಪಕ್ಕಕ್ಕಿಟ್ಟರೆ ಸಾಕು.

ಉಸಿರಾಟದ ಬಗ್ಗೆ ಹೊಸಬರು ತುಂಬಾ ಕೇಳುತ್ತಾರೆ. ಯಾವಾಗ ಎಳೆದುಕೊಳ್ಳಬೇಕು, ಯಾವಾಗ ಬಿಡಬೇಕು? ಮೊದಲ ಕೆಲವು ತಿಂಗಳು ಅದರ ತಂಟೆಗೇ ಹೋಗಬೇಡಿ. ಮೂಗಿನಿಂದ, ಸಹಜವಾಗಿ, ತನ್ನ ಪಾಡಿಗೆ ನಡೆಯಲಿ. ಹೆಜ್ಜೆ, ಸೊಂಟ, ಕೈ ಇವುಗಳ ಜೊತೆಗೆ ಉಸಿರನ್ನೂ ಲೆಕ್ಕ ಹಾಕಲು ಹೊರಟರೆ ಉಸಿರು ಕಟ್ಟುತ್ತದೆ, ತಲೆ ತಿರುಗುತ್ತದೆ. ಸರಣಿ ಮೈಗೆ ಹತ್ತಿದ ಮೇಲೆ ಕೈ ಏರುವಾಗ ಒಳಕ್ಕೆ, ಒತ್ತುವಾಗ ಹೊರಕ್ಕೆ ಅಂತ ಅದು ತಾನಾಗಿಯೇ ಹೊಂದಿಕೊಳ್ಳುತ್ತದೆ. ಇದೇ ರೀತಿ 'ಚಿ' ಎಂಬ ಪ್ರಾಣಶಕ್ತಿಯ ಮಾತು. ಅಂಗೈ ಬೆಚ್ಚಗಾಗುವುದು, ಬೆರಳು ಜುಮ್ ಅನ್ನುವುದು ಮಾಡುವವರಿಗೆ ಆಗುತ್ತದೆ, ಅದನ್ನು ಹುಡುಕಿಕೊಂಡು ಹೋಗಬೇಕಿಲ್ಲ. ಮುಟ್ಟದೆಯೇ ಶಿಷ್ಯನನ್ನು ಹತ್ತು ಅಡಿ ದೂರಕ್ಕೆ ಎಸೆಯುವ ವಿಡಿಯೊಗಳನ್ನು ನಂಬಬೇಡಿ, ಹಾಗೆ ಕಲಿಸುತ್ತೇನೆ ಅನ್ನುವವರ ಹತ್ತಿರ ಹೋಗಬೇಡಿ.

ಆರೋಗ್ಯಕ್ಕೆ ನಿಜವಾಗಿ ಎಷ್ಟು ಉಪಯೋಗ? ಇಲ್ಲಿ ಒಳ್ಳೆಯ ಸಂಶೋಧನೆ ನಡೆದಿದೆ, ಅದೂ ಕಾಲು ಮತ್ತು ಬ್ಯಾಲೆನ್ಸ್ ವಿಷಯದಲ್ಲೇ ಜಾಸ್ತಿ. 2012ರಲ್ಲಿ ಅಮೆರಿಕದಲ್ಲಿ 195 ಪಾರ್ಕಿನ್‌ಸನ್ಸ್ ರೋಗಿಗಳನ್ನು ಮೂರು ಗುಂಪು ಮಾಡಿ, 24 ವಾರ, ವಾರಕ್ಕೆ ಎರಡು ದಿನ ಒಂದೊಂದು ಗಂಟೆ ತರಗತಿ ಕೊಟ್ಟರು. ಒಂದು ಗುಂಪಿಗೆ ತೈ ಚಿ, ಒಂದಕ್ಕೆ ತೂಕದ ವ್ಯಾಯಾಮ, ಒಂದಕ್ಕೆ ಬರೀ ಮೈ ಚಾಚುವ ವ್ಯಾಯಾಮ. ನಿಂತಾಗಿನ ಬ್ಯಾಲೆನ್ಸ್‌ನಲ್ಲಿ ತೈ ಚಿ ಗುಂಪು ಉಳಿದೆರಡನ್ನೂ ಮೀರಿಸಿತು, ಮೈ ಚಾಚುವ ಗುಂಪಿಗೆ ಹೋಲಿಸಿದರೆ ಬೀಳುವುದೂ ಕಡಿಮೆಯಾಯಿತು. 2018ರಲ್ಲಿ, ಬೀಳುವ ಅಪಾಯ ಜಾಸ್ತಿ ಇದ್ದ 70 ದಾಟಿದ 670 ಜನರ ಮೇಲೆ ಇನ್ನೊಂದು ಅಧ್ಯಯನ ಬಂತು. ಅದರಲ್ಲಿ ಬ್ಯಾಲೆನ್ಸ್‌ಗಾಗಿಯೇ ಹೊಂದಿಸಿದ ತೈ ಚಿ ಮಾಡಿದವರು, ಬರೀ ಮೈ ಚಾಚಿದವರಿಗಿಂತ ಅರ್ಧಕ್ಕೂ ಕಡಿಮೆ ಸಲ ಬಿದ್ದರು. ಮಂಡಿ ಸವೆತ ಇರುವವರ ಬಗ್ಗೆ 2016ರಲ್ಲಿ 204 ಜನರ ಮೇಲೆ ನಡೆದ ಅಧ್ಯಯನದಲ್ಲಿ 12 ವಾರದ ತೈ ಚಿ, ಫಿಸಿಯೋಥೆರಪಿಯಷ್ಟೇ ನೋವು ತಗ್ಗಿಸಿತು. ಮಂಡಿ ಕೆಡಿಸುತ್ತದೆ ಅಂತ ಹೆದರುವ ವಿದ್ಯೆಯೇ ಸರಿಯಾಗಿ ಮಾಡಿದರೆ ಮಂಡಿಗೆ ಆಸರೆಯಾಗುತ್ತದೆ ಅನ್ನುವುದು ಗಮನಿಸಬೇಕಾದ ಸಂಗತಿ.

ಇದರಾಚೆಗೆ ಸಕ್ಕರೆ ಕಾಯಿಲೆ ವಾಸಿಯಾಗುತ್ತದೆ, ಮಾತ್ರೆ ಬಿಡಬಹುದು, ಕ್ಯಾನ್ಸರ್ ಹೋಗುತ್ತದೆ ಅನ್ನುವ ಮಾತುಗಳಿಗೆ ಕಿವಿ ಕೊಡಬೇಡಿ. ಮಂಡಿ ಚಿಪ್ಪು ಬದಲಿಸಿಕೊಂಡವರು, ತಲೆಸುತ್ತು ಇರುವವರು, ಮೂಳೆ ಸವೆತ ಇರುವವರು ಶುರು ಮಾಡುವ ಮೊದಲು ಡಾಕ್ಟರನ್ನು ಒಂದು ಮಾತು ಕೇಳಿ. ಸಂಧಿವಾತ ಇರುವವರಿಗೆ ಯಾಂಗ್‌ಗಿಂತ ಸುನ್ ಶೈಲಿ ಹಗುರ, ನಿಲುವು ಎತ್ತರ, ಹೆಜ್ಜೆ ಚಿಕ್ಕದು, ಮುಂದಿನ ಕಾಲು ಇಟ್ಟ ತಕ್ಷಣ ಹಿಂದಿನದು ಹಿಂಬಾಲಿಸಿ ಬರುತ್ತದೆ. ಆಸ್ಟ್ರೇಲಿಯಾದ ವೈದ್ಯ ಪಾಲ್ ಲ್ಯಾಮ್ 1997ರಲ್ಲಿ ಸಂಧಿವಾತದವರಿಗಾಗಿ ಮಾಡಿದ ಸರಣಿಗೆ ಆಧಾರವಾಗಿ ತೆಗೆದುಕೊಂಡಿದ್ದು ಈ ಶೈಲಿಯನ್ನೇ. ನಿಲ್ಲಲು ಆಗದವರು ಕುರ್ಚಿಯಲ್ಲಿ ಕೂತು ಮಾಡುವ ಕ್ರಮವೂ ಇದೆ.

ಬೆಂಗಳೂರಿನಂಥ ದೊಡ್ಡ ಊರಲ್ಲಾದರೆ ಹುಡುಕಿದರೆ ಗುರು ಸಿಗುತ್ತಾರೆ, ಉಳಿದ ಕಡೆ ವಿಡಿಯೊವೇ ಗತಿ. ವಿಡಿಯೊ ಆರಿಸುವಾಗ ಹಿಂದಿನಿಂದ ತೆಗೆದದ್ದನ್ನು ಆರಿಸಿ. ಎದುರಿನಿಂದ ತೆಗೆದದ್ದರಲ್ಲಿ ಅವರ ಎಡ ನಿಮಗೆ ಬಲ ಆಗಿ ತಲೆ ಕೆಡುತ್ತದೆ. ಪಾದಗಳು ಪೂರ್ತಿ ಕಾಣುತ್ತಿವೆಯಾ ಅಂತ ಖಾತ್ರಿ ಮಾಡಿಕೊಳ್ಳಿ, ಉದ್ದ ಪ್ಯಾಂಟು ನೆಲ ಗುಡಿಸುತ್ತಿದ್ದರೆ ಆ ವಿಡಿಯೊ ನಮಗೆ ಪ್ರಯೋಜನಕ್ಕಿಲ್ಲ. ಒಂದನ್ನು ಹಿಡಿದರೆ ಅದನ್ನೇ ಕೊನೆ ತನಕ ಹಿಡಿಯಿರಿ, ಯಾಕೆಂದರೆ ಅದೇ 24 ಚಲನೆಗಳನ್ನೂ ಒಬ್ಬೊಬ್ಬರು ಚೂರು ಚೂರು ಬೇರೆ ಥರ ಮಾಡುತ್ತಾರೆ. ವಾರಕ್ಕೆ ಒಂದು ಹೊಸ ಚಲನೆ, ಅಷ್ಟೇ. ಆರು ತಿಂಗಳಿಗೆ ಸರಣಿ ಮುಗಿಯುತ್ತದೆ. ನಿಮ್ಮ ಫೋನನ್ನು ನೆಲದ ಹತ್ತಿರ ಇಟ್ಟು ಮಂಡಿಯಿಂದ ಕೆಳಗೆ ಮಾತ್ರ ಆಗಾಗ ಶೂಟ್ ಮಾಡಿ ನೋಡಿ. ಮಂಡಿ ಒಳಗೆ ಕುಸಿಯುವುದು ಮಾಡುವಾಗ ಗೊತ್ತಾಗುವುದಿಲ್ಲ, ಅದರಲ್ಲಿ ಎದ್ದು ಕಾಣುತ್ತದೆ.

ಗುರುವನ್ನು ಅಳೆಯುವುದೂ ಹೀಗೆಯೇ. ಮೊದಲ ತರಗತಿಯಲ್ಲಿ ಅವರ ಕಣ್ಣು ನಿಮ್ಮ ಪಾದದ ಮೇಲೆ ಹೋಯಿತಾ? ಮಂಡಿ, ಸೊಂಟದ ನೋವು ಇದೆಯಾ ಅಂತ ಕೇಳಿದರಾ? ಒಂದು ಚಲನೆ ಯಾಕೆ ಹೀಗೆ ಅಂದರೆ ಎದುರಿಗೆ ನಿಂತು ತೋರಿಸಿದರಾ? ಹಾಗಿದ್ದರೆ ಅವರನ್ನು ಬಿಡಬೇಡಿ. ಒಂದೇ ದಿನದಲ್ಲಿ ಏಳೆಂಟು ಚಲನೆ ಸುರಿದು, ಹಿಂದೆ ಸಂಗೀತ ಹಾಕಿ ಎಲ್ಲರನ್ನೂ ಒಟ್ಟಿಗೆ ಓಡಿಸುವವರ ಹತ್ತಿರ ಕಲಿಯುವುದು ಕಷ್ಟ.

ದಿನಕ್ಕೆ ಹದಿನೈದು ಇಪ್ಪತ್ತು ನಿಮಿಷ ಸಾಕು. ಭಾನುವಾರ ಮಾತ್ರ ಎರಡು ಗಂಟೆ ಮಾಡುವುದಕ್ಕಿಂತ ಅದು ಎಷ್ಟೋ ಮೇಲು. ಬೆಳಿಗ್ಗೆಯೇ ಆಗಬೇಕೆಂದಿಲ್ಲ, ಹೊಟ್ಟೆ ತುಂಬಾ ಊಟ ಮಾಡಿದ ತಕ್ಷಣ ಬೇಡ, ಅಷ್ಟೇ. ತಳ ತೆಳುವಾದ, ಚಪ್ಪಟೆಯಾದ ಬೂಟು ಒಳ್ಳೆಯದು, ಓಡುವ ಬೂಟಿನ ದಪ್ಪ ಹಿಮ್ಮಡಿ ದೇಹವನ್ನು ಮುಂದಕ್ಕೆ ದೂಡುತ್ತದೆ. ಬರಿಗಾಲಲ್ಲೂ ಆಗುತ್ತದೆ. ನುಣುಪು ಟೈಲ್ಸ್ ಮೇಲೆ ಸಾಕ್ಸ್ ಹಾಕಿಕೊಂಡು ಮಾತ್ರ ಬೇಡ, ಜಾರುತ್ತದೆ.

ಸರಣಿಯಲ್ಲಿ ಹೊಸಬರು ಸಿಕ್ಕಿಹಾಕಿಕೊಳ್ಳುವ ಜಾಗಗಳು ಎರಡು. ಹದಿಮೂರನೆಯದರಿಂದ ಬರುವ ಹಿಮ್ಮಡಿ ಒದೆತ, ಮತ್ತೆ ಹದಿನಾರು, ಹದಿನೇಳರಲ್ಲಿ ಒಂದು ಕಾಲ ಮೇಲೆ ಆಳಕ್ಕೆ ಕೂತು ಎದ್ದು ಒಂಟಿ ಕಾಲಲ್ಲಿ ನಿಲ್ಲುವುದು. ಒದೆತ ಮಂಡಿಯ ಎತ್ತರಕ್ಕೆ ಹೋದರೂ ಸಾಕು. ಆಳಕ್ಕೆ ಕೂರುವ ಕಡೆ ಅರ್ಧಕ್ಕೆ ಇಳಿದು ಎದ್ದುಬಿಡಿ, ಏಳುವಾಗ ಎತ್ತಿದ ಕಾಲಿನ ಬೆರಳು ನೆಲಕ್ಕೆ ತಾಗಿಸಿಕೊಳ್ಳಿ. ಇವುಗಳನ್ನು ಕಲಿಯುವ ವಾರ ಪಕ್ಕದಲ್ಲಿ ಗೋಡೆಯೋ ಭಾರದ ಕುರ್ಚಿಯೋ ಇರಲಿ. ಮೊದಲ ವಾರಗಳಲ್ಲಿ ಬರೀ ಭಾರ ಸಾಗಿಸುವುದನ್ನು ಮಾಡಿದವರಿಗೆ ಇಲ್ಲಿ ಅರ್ಧ ಕಷ್ಟ ಕಡಿಮೆ.

24 ಮುಗಿದ ಮೇಲೆ ಇನ್ನೊಂದು ಸರಣಿಗೆ ಹಾರುವ ಆಸೆ ಆಗುತ್ತದೆ. 48ರದ್ದು ಇದೆ, 42ರದ್ದು ಇದೆ, ಕತ್ತಿಯದ್ದೂ ಇದೆ. ನಾನು ಹೇಳುವುದು, ಅದಕ್ಕೂ ಮೊದಲು ಜೊತೆಗಾರರೊಬ್ಬರನ್ನು ಹುಡುಕಿಕೊಂಡು ಕೈಗೆ ಕೈ ತಾಗಿಸಿ ತಳ್ಳುವ ಅಭ್ಯಾಸಕ್ಕೆ ಇಳಿಯಿರಿ. ಇಬ್ಬರೂ ಬಿಲ್ಲು ನಿಲುವಿನಲ್ಲಿ ಎದುರು ಬದುರು ನಿಂತು, ಮುಂಗೈ ಮುಟ್ಟಿಸಿ, ಒಬ್ಬರು ಮೆಲ್ಲಗೆ ತಳ್ಳಿದಾಗ ಇನ್ನೊಬ್ಬರು ಹಿಂದಿನ ಕಾಲಿಗೆ ಕೂತು ಸೊಂಟ ತಿರುಗಿಸಿ ಅದನ್ನು ಪಕ್ಕಕ್ಕೆ ಹೋಗಲು ಬಿಡುವುದು, ಆಮೇಲೆ ಅವರು ತಳ್ಳುವುದು. ಮನೆಯಲ್ಲಿ ಗಂಡ ಹೆಂಡತಿ ಸೇರಿ ಮಾಡಬಹುದು, ಹತ್ತನೇ ಕ್ಲಾಸಿನ ಮಗನ ಜೊತೆ ಮಾಡಬಹುದು. ಒಬ್ಬರೇ ಮಾಡುವಾಗ ಸರಿಯಾಗಿಯೇ ನಿಂತಿದ್ದೇವೆ ಅನ್ನಿಸುತ್ತಿರುತ್ತದೆ. ಯಾರಾದರೂ ಎರಡು ಬೆರಳಲ್ಲಿ ತಳ್ಳಿದಾಗ ಯಾವ ಕಾಲು ಬಿಗಿದಿತ್ತು, ಯಾವುದು ನಿಜಕ್ಕೂ ಖಾಲಿ ಇತ್ತು ಅಂತ ಆ ಕ್ಷಣವೇ ಗೊತ್ತಾಗುತ್ತದೆ, ಮರುದಿನ ಸರಣಿ ಮಾಡುವಾಗ ಎಲ್ಲಿ ಗಮನ ಇಡಬೇಕು ಅನ್ನುವುದೂ ಅದರಿಂದಲೇ ಸಿಗುತ್ತದೆ.